ಜಗಲಿಗೆ ಜಗಲಿ

ಇವತ್ತು ಸಂಜೆ ಮಗಳ ಜೊತೆ ಶಟಾಕ್ವದಲ್ಲಿ ಸುಮ್ನೆ ನಡೆಯುತ್ತಿದ್ದೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಮೂಲೆ, ಸರೋವರದ ದಂಡೆ.

ಒಬ್ಬ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಕುರ್ಚಿಯಿಂದ ಏಳಲೂ ಇಲ್ಲ. ಕೈ ಚಾಚಿ ಪಕ್ಕದ ಮನೆಯ ಜಗಲಿಗೆ ಕಾಫಿ ಕಪ್ ದಾಟಿಸಿದರು. ಅಷ್ಟು ಹತ್ತಿರ!

ಅಮೆರಿಕದಲ್ಲಿ ಇಷ್ಟು ಒತ್ತೊತ್ತಾಗಿ ಮನೆ ಯಾಕೆ ಕಟ್ಟಿದರು ಅಂತ ಮಗಳು ಕೇಳಿದಳು. ಅವು ಡೇರೆಗಳ ಜಾಗ ಕಣೇ, ಅಂದೆ.

1874ರಲ್ಲಿ ಲೂಯಿಸ್ ಮಿಲ್ಲರ್, ಜಾನ್ ವಿನ್ಸೆಂಟ್ ಎಂಬ ಇಬ್ಬರು, ಮೆಥಡಿಸ್ಟ್ ಅನ್ನೋ ಕ್ರೈಸ್ತ ಪಂಗಡದವರು, ಸಂಡೇ ಸ್ಕೂಲಿನ, ಅಂದರೆ ಚರ್ಚಿನ ಭಾನುವಾರದ ಬೈಬಲ್ ಪಾಠದ, ಮೇಷ್ಟ್ರುಗಳಿಗೆ ಇಲ್ಲಿ ಬೇಸಿಗೆ ಶಿಬಿರ ಮಾಡಿದರು. ಬಂದವರು ಡೇರೆ ಹಾಕಿದರು. ಆಮೇಲೆ ಅದೇ ಪುಟ್ಟ ಜಾಗಗಳಲ್ಲಿ ಮರದ ಮನೆ ಎದ್ದವು. ಮಿಲ್ಲರ್ 1875ರಲ್ಲಿ ಕಟ್ಟಿಸಿದ ಮನೆ ಇನ್ನೂ ಇದೆ. ಅವರ ಮಗಳು ಮೀನಾಳನ್ನೇ ಬಲ್ಬಿನ ಖ್ಯಾತಿಯ ಥಾಮಸ್ ಎಡಿಸನ್ ಮದುವೆಯಾಗಿದ್ದು.

ದಂಡೆಯಲ್ಲಿ ಪ್ಯಾಲೆಸ್ತೀನಿನ ನಕ್ಷೆಯನ್ನೇ ಮಣ್ಣಲ್ಲಿ ಮಾಡಿಟ್ಟಿದ್ದಾರೆ. ಪುಟ್ಟ ಗುಡ್ಡ, ಪುಟ್ಟ ಜೋರ್ಡಾನ್ ನದಿ. ಸರೋವರವೇ ಮೆಡಿಟರೇನಿಯನ್ ಸಮುದ್ರ. ಮೇಷ್ಟ್ರುಗಳು ಬೈಬಲ್ಲಿನ ಊರುಗಳನ್ನು ನಡೆದು ಕಲಿಯಲಿ ಅಂತ. ಎಂಥ ಪ್ರೀತಿಯ ಪಾಠ, ಅಲ್ವಾ?

ಮಗಳು ಜೋರ್ಡಾನ್ ದಾಟಿದಳು, ಒಂದೇ ಹೆಜ್ಜೆಯಲ್ಲಿ. ವಾಪಸ್ ಬರುವಾಗ ಆ ಅಜ್ಜಿಯ ಜಗಲಿಯಲ್ಲಿ ದೀಪ ಹತ್ತಿತ್ತು. ಪಕ್ಕದ ಜಗಲಿಗೂ ಅದೇ ಬೆಳಕು.