ಈ ಮೋಡದಲ್ಲಿ ನೀರಿದೆಯಾ, ಐಸ್ ಇದೆಯಾ?

2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ದೊಡ್ಡ ಉಂಗುರ ಕಾಣಿಸಿತ್ತು, ನೆನಪಿದೆಯಾ? ಲಾಕ್‌ಡೌನ್ ಕಾಲ. ಎಲ್ಲರ ವಾಟ್ಸಾಪ್‌ನಲ್ಲೂ ಅದೇ ಫೋಟೋ. ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಬೆಳಕಿನ ಪಾಠ ಬಂದಾಗಲೆಲ್ಲ ಆ ಫೋಟೋ ತೆಗೆಯುತ್ತೇನೆ. ಎತ್ತರದ ತೆಳು ಮೋಡದಲ್ಲಿ ಆರು ಮುಖದ ಐಸ್ ಹರಳುಗಳಿರುತ್ತವೆ. ಬೆಳಕು ಒಂದು ಮುಖದಲ್ಲಿ ಒಳಗೆ ಹೋಗಿ, ಒಂದು ಬಿಟ್ಟು ಮುಂದಿನ ಮುಖದಲ್ಲಿ ಹೊರಗೆ ಬರುತ್ತದೆ. ಈ ಎರಡು ಮುಖಗಳ ನಡುವಿನ ಕೋನ 60 ಡಿಗ್ರಿ, ಐಸ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.31. ಪ್ರಿಸಂ ಸೂತ್ರಕ್ಕೆ ಹಾಕಿ ನೋಡಿ, ಕನಿಷ್ಠ ವಿಚಲನೆ, ಅಂದರೆ ಬೆಳಕು ಬಾಗುವ ಅತಿ ಕಡಿಮೆ ಕೋನ, 22 ಡಿಗ್ರಿ ಬರುತ್ತದೆ. ಉಂಗುರವೂ ಸೂರ್ಯನಿಂದ ಅಷ್ಟೇ ದೂರದಲ್ಲಿತ್ತು. ಮಕ್ಕಳು ಬೋರ್ಡ್ ಮೇಲಿನ ಲೆಕ್ಕವನ್ನೂ ಫೋಟೋವನ್ನೂ ನೋಡಿ ಸುಮ್ಮನಾಗುತ್ತಾರೆ. ನನಗೆ ಅದು ಇಷ್ಟವಾದ ಗಳಿಗೆ.

ಒಬ್ಬಳು ಹುಡುಗಿ ಕೇಳಿದ್ದಳು: "ಕೆಳಗಿಂದ ನೋಡೋ ನಮಗೆ ಇದು ಸರಿ ಸಾರ್. ಮೇಲಿರೋ ಸ್ಯಾಟಲೈಟ್‌ಗೆ ಮೋಡದಲ್ಲಿರೋದು ನೀರೋ ಐಸೋ ಅಂತ ಹೇಗೆ ಗೊತ್ತಾಗುತ್ತೆ?" ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆ. ಆದರೆ ಸಿಲೆಬಸ್‌ನಲ್ಲಿರುವ ಅರ್ಧ ಪಾಠ ಇದರೊಳಗೇ ಇದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರಿಗೂ ಹೊಳೆಯುವುದು ಉಷ್ಣತೆ. ನಮ್ಮ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಪಕ್ಕದ ಹಾಸನದಲ್ಲೇ ಇದೆ. 2013ರಲ್ಲಿ ಹೋದ ಇನ್ಸಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್, ಮೂರರಲ್ಲೂ 10.8 ಮೈಕ್ರಾನ್ ತರಂಗಾಂತರದ ಇನ್‌ಫ್ರಾರೆಡ್‌ನಲ್ಲಿ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅಂತ ಅಳೆಯುವ ಉಪಕರಣ ಇದೆ. ಭರಣಿ ಮಳೆ ಹೊತ್ತಿನಲ್ಲಿ ಸಂಜೆ ಎದ್ದು ನಿಲ್ಲುವ ಗುಡುಗಿನ ಮೋಡದ ನೆತ್ತಿ ಮೈನಸ್ 60 ಡಿಗ್ರಿಗೂ ಇಳಿಯುತ್ತದೆ. ಅದು ಐಸ್, ಅನುಮಾನವೇ ಬೇಡ. ಆಷಾಢದಲ್ಲಿ ತಲೆ ಮೇಲೆ ಓಡುವ ತಗ್ಗಿನ ಮೋಡ ಸೊನ್ನೆಗಿಂತ ಬೆಚ್ಚಗಿರುತ್ತದೆ. ಅದು ನೀರು.

ಕಷ್ಟ ಇರುವುದು ನಡುವೆ. ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ ಅಂತ ನಾವೇ ಚಿಕ್ಕ ತರಗತಿಯಲ್ಲಿ ಹೇಳಿಕೊಡುತ್ತೇವೆ. ಮೋಡದ ಹನಿಯ ಮಟ್ಟಿಗೆ ಅದು ನಿಜವಲ್ಲ. ಗಟ್ಟಿಯಾಗಲು ಒಂದು ಆಸರೆಯ ಧೂಳಿನ ಕಣ ಬೇಕು. ಅದು ಸಿಗದಿದ್ದರೆ ಸುಮಾರು ಮೈನಸ್ 38 ಡಿಗ್ರಿವರೆಗೂ ಹನಿ ನೀರಾಗಿಯೇ ಉಳಿಯಬಹುದು. ಮೈನಸ್ 15 ಡಿಗ್ರಿಯ ಮೋಡ ಸಿಕ್ಕರೆ ಉಷ್ಣತೆ ಒಂದರಿಂದಲೇ ಏನೂ ಹೇಳಲಾಗುವುದಿಲ್ಲ.

ಅದಕ್ಕೆ 1.6 ಮೈಕ್ರಾನ್ ಚಾನೆಲ್ ಇದೆ, ಅಂದರೆ ಆ ತರಂಗಾಂತರದ ಬೆಳಕನ್ನಷ್ಟೇ ನೋಡುವ ಕಣ್ಣು. ಕಣ್ಣಿಗೆ ನೀರಿನ ಮೋಡವೂ ಬಿಳಿ, ಐಸ್ ಮೋಡವೂ ಬಿಳಿ. ಆದರೆ 1.6 ಮೈಕ್ರಾನ್‌ನಲ್ಲಿ ಐಸ್ ಬೆಳಕನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಹಾಗಾಗಿ ಕಪ್ಪಾಗಿ ಕಾಣುತ್ತದೆ. ಕಣ ದೊಡ್ಡದಾದಷ್ಟೂ ಹೀರುವುದು ಜಾಸ್ತಿ, ಅಂದರೆ ಗಾತ್ರದ ಸುಳಿವೂ ಸಿಗುತ್ತದೆ. ಇದು ಹಗಲಿಗೆ ಮಾತ್ರ, ಸೂರ್ಯನ ಬೆಳಕು ಬೇಕಲ್ವಾ.

ನನ್ನ ಮನಸ್ಸು ನಿಲ್ಲುವುದು ಪೋಲರೈಸೇಶನ್ ಹತ್ತಿರ. ಬೆಳಕಿನ ಅಲೆ ಎಲ್ಲ ಕಡೆಗೂ ಅಲುಗುವ ಬದಲು ಒಂದೇ ದಿಕ್ಕಿನಲ್ಲಿ ಅಲುಗಿದರೆ ಅದು ಪೋಲರೈಸ್ ಆಗಿದೆ ಅಂತ. ಲ್ಯಾಬ್‌ನಲ್ಲಿ ಒಂದು ದಿಕ್ಕಿನ ಅಲುಗಾಟವನ್ನಷ್ಟೇ ಒಳಬಿಡುವ ಪೋಲರಾಯ್ಡ್ ಹಾಳೆ ಇರುತ್ತದೆ. ಮುಂದಿನ ಸಲ ಕಾಮನಬಿಲ್ಲು ಕಂಡಾಗ ಅದರ ಮೂಲಕ ನೋಡಿ, ಹಾಳೆಯನ್ನು ನಿಧಾನವಾಗಿ ತಿರುಗಿಸಿ. ನೀವು ನೋಡುತ್ತಿರುವ ಬಿಲ್ಲಿನ ಆ ಭಾಗ ಒಂದು ಕಡೆಗೆ ತಿರುಗಿಸಿದಾಗ ಹೊಳೆಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದಾಗ ಹೆಚ್ಚೂಕಡಿಮೆ ಮಾಯವಾಗುತ್ತದೆ. ದುಂಡನೆಯ ಹನಿಯ ಒಳಗೆ ಒಮ್ಮೆ ಪ್ರತಿಫಲಿಸಿ ಬರುವ ಬೆಳಕು ಅಷ್ಟು ಬಲವಾಗಿ ಪೋಲರೈಸ್ ಆಗಿರುತ್ತದೆ. ಮೋಡದ ಚಿಕ್ಕ ಹನಿಗಳೂ ಇದನ್ನೇ ಮಾಡುತ್ತವೆ. ಬೆಳಕು ಬಂದ ದಿಕ್ಕಿನಿಂದ ಸುಮಾರು 140 ಡಿಗ್ರಿ ತಿರುಗಿದ ಕಡೆ ಈ ಗುರುತು ಎದ್ದು ಕಾಣುತ್ತದೆ. ಐಸ್ ಹರಳು ದುಂಡಗಿಲ್ಲ, ಅದರಲ್ಲಿ ಈ ಗುರುತು ಇಲ್ಲ. ಫ್ರಾನ್ಸ್‌ನವರ ಪೋಲ್ಡರ್ ಎಂಬ ಉಪಕರಣ 1996ರಲ್ಲಿ ಜಪಾನಿನ ಉಪಗ್ರಹದ ಮೇಲೆ ಹೋಗಿ ಇದನ್ನೇ ಹುಡುಕಿತು. ಒಂದೇ ಮೋಡವನ್ನು ಹಾದುಹೋಗುತ್ತಾ ಬೇರೆ ಬೇರೆ ಕೋನಗಳಿಂದ ನೋಡುವುದು, ಬಿಲ್ಲು ಇದ್ದರೆ ನೀರು. ಈಗ 2024ರ ಫೆಬ್ರವರಿಯಲ್ಲಿ ಹೋದ ನಾಸಾದ ಪೇಸ್ ಉಪಗ್ರಹದಲ್ಲಿರುವ ಹಾರ್ಪ್-2 ಇದೇ ಕೆಲಸವನ್ನು ಇನ್ನೂ ಹೆಚ್ಚು ಕೋನಗಳಿಂದ ಮಾಡುತ್ತಿದೆ. ಬಿಲ್ಲಿನ ಅಗಲ, ಅದರ ಪಕ್ಕದ ಸಣ್ಣ ಪಟ್ಟೆಗಳು ಎಲ್ಲಿವೆ ಅನ್ನುವುದರಿಂದ ಹನಿಯ ಗಾತ್ರವೂ ಸಿಗುತ್ತದೆ.

ಕ್ಯಾಲಿಪ್ಸೊ ಸೂರ್ಯನನ್ನು ಕಾಯಲಿಲ್ಲ. 2006ರ ಏಪ್ರಿಲ್ 28ರಂದು ಹೋದ ಈ ಉಪಗ್ರಹ ತನ್ನದೇ ಹಸಿರು ಲೇಸರ್ ಅನ್ನು ಕೆಳಕ್ಕೆ ಬಿಡುತ್ತಿತ್ತು. ಆ ಬೆಳಕು ಒಂದೇ ದಿಕ್ಕಿನಲ್ಲಿ ಪೋಲರೈಸ್ ಆಗಿರುತ್ತದೆ. ದುಂಡನೆಯ ಹನಿಗೆ ಬಡಿದು ವಾಪಸ್ ಬಂದರೆ ಆ ಅಲುಗುವ ದಿಕ್ಕು ಹಾಗೇ ಇರುತ್ತದೆ. ಐಸ್ ಹರಳಿನ ಮೂಲೆಗಳಲ್ಲಿ ಸುತ್ತಿ ಬಂದರೆ ದಿಕ್ಕು ಕೆಡುತ್ತದೆ. ಎಷ್ಟು ಕೆಟ್ಟಿದೆ ಅಂತ ಅಳೆದರೆ ಆಕಾರದ ಸುದ್ದಿ ಸಿಕ್ಕಿತು! ದಟ್ಟ ನೀರಿನ ಮೋಡದಲ್ಲಿ ಬೆಳಕು ಹನಿಯಿಂದ ಹನಿಗೆ ಹಲವು ಸಲ ಬಡಿದು ಬರುವುದರಿಂದ ಅಲ್ಲೂ ದಿಕ್ಕು ಸ್ವಲ್ಪ ಕೆಡುತ್ತದೆ. ಅದಕ್ಕೇ ವಾಪಸ್ ಬಂದ ಬೆಳಕಿನ ಪ್ರಮಾಣವನ್ನೂ ಜೊತೆಗಿಟ್ಟು ನೋಡುತ್ತಿದ್ದರು.

ಇದರಲ್ಲೊಂದು ಸೊಗಸಾದ ಕಥೆ ಇದೆ. ಮೊದಮೊದಲು ಲೇಸರ್ ಹೆಚ್ಚೂಕಡಿಮೆ ನೇರ ಕೆಳಕ್ಕೇ ನೋಡುತ್ತಿತ್ತು, ಓರೆ ಬರೀ 0.3 ಡಿಗ್ರಿ. ಕೆಲವು ಐಸ್ ಮೋಡಗಳಿಂದ ತುಂಬಾ ಪ್ರಖರವಾದ, ದಿಕ್ಕು ಕೆಡದ ಬೆಳಕು ವಾಪಸ್ ಬರುತ್ತಿತ್ತು. ದಿಕ್ಕು ಕೆಡಲಿಲ್ಲ ಅಂದರೆ ನೀರು ಅನ್ನಬೇಕು. ಆದರೆ ಅದು ನೀರಲ್ಲ. ಚಪ್ಪಟೆ ಹರಳುಗಳು ಅರಳಿ ಎಲೆ ತೇಲುತ್ತಾ ಬೀಳುವ ಹಾಗೆ ಅಗಲದ ಬದಿಯನ್ನು ಕೆಳಗೆ ಮಾಡಿಕೊಂಡು ಇಳಿಯುತ್ತವೆ. ಮೇಲಿಂದ ಬಂದ ಲೇಸರ್ ಆ ಮಟ್ಟಸ ಮುಖಕ್ಕೆ ಬಿದ್ದು ನೇರ ವಾಪಸ್ ಹೋಗುತ್ತಿತ್ತು. 2007ರ ನವೆಂಬರ್‌ನಲ್ಲಿ ಲೇಸರ್ ಅನ್ನು 3 ಡಿಗ್ರಿ ಓರೆ ಮಾಡಿದರು. ಆ ಹೊಳಪು ಬಹುಪಾಲು ಹೋಯಿತು. ಕೆಲವೇ ಡಿಗ್ರಿ ಓರೆಯಿಂದ ಒಂದು ಹರಳು ಹೇಗೆ ಮಲಗಿ ಬೀಳುತ್ತಿದೆ ಅನ್ನುವುದು ಏಳುನೂರು ಕಿಲೋಮೀಟರ್ ಮೇಲಿಂದ ತಿಳಿಯಿತು. ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗ ಈಗಲೂ ಧ್ವನಿ ಏರುತ್ತದೆ.

ಹರಳಿನ ಪೂರ್ತಿ ಆಕಾರ ಮಾತ್ರ ಇನ್ನೂ ಸುಲಭವಲ್ಲ. ಚಪ್ಪಟೆ ತಟ್ಟೆ ಇದೆ, ಉದ್ದನೆಯ ಕಂಬ ಇದೆ, ಹಲವು ಕಂಬ ಒಂದೇ ಬುಡದಿಂದ ಹೊರಟ ಗೊಂಚಲಿದೆ, ಎಲ್ಲ ಅಂಟಿಕೊಂಡ ಗಂಟುಗಳಿವೆ. ಮೈ ನಯವಾಗಿದ್ದರೆ ಬೆಂಗಳೂರಿನ ಉಂಗುರ. ಮೈ ಒರಟಾದರೆ ಉಂಗುರ ಇಲ್ಲ. ಇದು ಬರೀ ಅಂದದ ವಿಷಯ ಅಲ್ಲ. ಮೋಡಿಸ್ ಎಂಬ ಉಪಕರಣದ ಲೆಕ್ಕದಲ್ಲಿ ಮೊದಲು ನಯವಾದ ಹರಳುಗಳೇ ಜಾಸ್ತಿ ಇವೆ ಅಂತ ಇಟ್ಟುಕೊಂಡಿದ್ದರು. ತೆಳು ಐಸ್ ಮೋಡಗಳು ಕ್ಯಾಲಿಪ್ಸೊ ಕಂಡದ್ದಕ್ಕಿಂತ ದಪ್ಪ ಅಂತ ಉತ್ತರ ಬರುತ್ತಿತ್ತು. ಆಮೇಲೆ ತುಂಬಾ ಒರಟು ಮೈಯ, ಎಂಟು ಕಂಬಗಳ ಗಂಟನ್ನು ಮಾದರಿಯಾಗಿ ತೆಗೆದುಕೊಂಡರು. ಎರಡು ಉತ್ತರಗಳೂ ಹತ್ತಿರ ಬಂದವು. ಭೂಮಿ ಎಷ್ಟು ಬಿಸಿಲು ವಾಪಸ್ ಕಳಿಸುತ್ತದೆ ಅನ್ನುವ ಲೆಕ್ಕ ಇಂಥ ಒರಟುತನದ ಮೇಲೆ ನಿಂತಿದೆ.

ನಮ್ಮೂರಿಗೆ ಇದರಿಂದ ಏನು ಅಂತ ಕೇಳುವವರಿಗೆ ಮೋಡ ಬಿತ್ತನೆ ನೆನಪಿಸುತ್ತೇನೆ. 2017ರಲ್ಲಿ ರಾಜ್ಯದಲ್ಲಿ ವರ್ಷಧಾರಿ ಅಂತ ಮಾಡಿದರು. 2023ರಲ್ಲಿ ಕೆಆರ್‌ಎಸ್ 124.80 ಅಡಿ ಮುಟ್ಟದೆ ಕಬ್ಬು, ಭತ್ತದವರು ಒದ್ದಾಡಿದಾಗಲೂ ಟೀ ಅಂಗಡಿಗಳಲ್ಲಿ ಅದೇ ಮಾತು. ಬಿತ್ತನೆಗೆ ಬಳಸುವ ಸಿಲ್ವರ್ ಅಯೊಡೈಡ್ ಹರಳಿನ ರಚನೆ ಐಸ್‌ಗೆ ಹತ್ತಿರ. ಸೊನ್ನೆಗಿಂತ ತಣ್ಣಗಿದ್ದೂ ನೀರಾಗಿಯೇ ಉಳಿದ ಹನಿಗಳಿಗೆ ಅದು ಆಸರೆಯ ಕಣವಾಗುತ್ತದೆ. ಪೂರ್ತಿ ಐಸ್ ಆಗಿರುವ ಮೋಡಕ್ಕೆ ಅದನ್ನು ಹಾಕಿ ಫಲವಿಲ್ಲ. ಆಷಾಢದ ಬೆಚ್ಚನೆಯ ಮೋಡಕ್ಕೂ ಅದು ನಡೆಯುವುದಿಲ್ಲ, ಅಲ್ಲಿ ನೀರು ಹೀರುವ ಉಪ್ಪು ಬೇಕು. ಹಾಗಾಗಿ ವಿಮಾನ ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆ ನನ್ನ ವಿದ್ಯಾರ್ಥಿನಿ ಕೇಳಿದ್ದೇ. ಇನ್ಸಾಟ್ ನೆತ್ತಿಯ ಉತ್ತರ ಕೊಡುತ್ತದೆ, ಒಳಗಿನದ್ದಕ್ಕೆ ರೇಡಾರ್ ಬೇಕು. 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಕಳಿಸಿದ ಅರ್ತ್‌ಕೇರ್‌ನಲ್ಲಿ ಲೇಸರ್ ಮತ್ತು ರೇಡಾರ್ ಎರಡೂ ಇವೆ. ಕಣ ಎಷ್ಟು ವೇಗವಾಗಿ ಬೀಳುತ್ತಿದೆ ಅಂತಲೂ ಅದರ ರೇಡಾರ್ ಅಳೆಯುತ್ತದೆ. ಪೋಲರೈಸೇಶನ್ ಪಾಠ ಮುಗಿದ ಮೇಲೆ ಆ ವೇಗದ ಡಾಪ್ಲರ್ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಬೇಕು ಅಂತಿದ್ದೇನೆ.