ಅವ್ವನ ಎಲುಬು, ಮನೆಯ ಮೂಲೆಮೂಲೆ

ನಳ ಬಂದ ದಿನ ಕೊಪ್ಪಳದ ನಮ್ಮ ಹಳೇ ಮನೆಯಲ್ಲಿ ಗಡಿಬಿಡಿ ನೋಡಬೇಕು. ಡ್ರಮ್ಮು, ಕೊಡ, ಬಕೆಟ್ಟು, ಎಲ್ಲವೂ ತುಂಬಬೇಕು. ಅಂಥದ್ದೇ ಒಂದು ಬೆಳಗ್ಗೆ ಒದ್ದೆ ಪರಸಿ ಕಲ್ಲಿನ ಮೇಲೆ ಅವ್ವ ಜಾರಿ ಅಂಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿ ಅಷ್ಟಕ್ಕೇ ಬಿಡಲಿಲ್ಲ. ನಿಂತಲ್ಲೇ ಬಿದ್ದು ಎಲುಬು ಮುರಿದರೆ ಎಲುಬನ್ನೇ ಪರೀಕ್ಷೆ ಮಾಡಿಸಬೇಕು ಅಂದರು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಟಿ ಸ್ಕೋರ್, ಅಂದರೆ ಆರೋಗ್ಯವಂತ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.9. ಮೈನಸ್ 1ರವರೆಗೆ ಚಿಂತೆ ಇಲ್ಲ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಸುಲಭವಾಗಿ ಮುರಿಯುವ ರೋಗ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಜಾಸ್ತಿ. ಮುಂದಿನದು ಬೆನ್ನುಮೂಳೆ ಆಗಬಹುದು, ಸೊಂಟ ಆಗಬಹುದು. ಹುಟ್ಟಿದ ಊರು ಯಾವುದು, ಯಾವ ನೀರು ಕುಡಿದಿರಿ ಅಂತಲೂ ಡಾಕ್ಟರು ಕೇಳಿದರು. ನಮ್ಮ ಕಡೆ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ? ಅದರಿಂದಲೂ ಎಲುಬು, ಕೀಲು ಕೆಡುತ್ತವೆ. ಆದರೆ ಅದು ಬೇರೆಯೇ ರೋಗ.

ಎಲುಬು ಸವೆಯುವುದನ್ನು ತಡೆಯಲು ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಮಲಗಿದರೆ ಗುಳಿಗೆ ಅನ್ನನಾಳವನ್ನು ಸುಡುತ್ತದೆ. ಚಹಾನೂ ಇಲ್ಲ, ಕ್ಯಾಲ್ಸಿಯಂ ಮಾತ್ರೆನೂ ಇಲ್ಲ, ಯಾಕೆಂದರೆ ಗುಳಿಗೆ ಮೈಗೆ ಹತ್ತುವುದಿಲ್ಲ. ಮಲಗಬಾರದು ಅಂದಾಗ ಅವ್ವ ತಲೆ ಆಡಿಸಿದಳು. ಚಹಾ ಇಲ್ಲ ಅಂದ ಕೂಡಲೇ ಮುಖ ಕಪ್ಪಿಟ್ಟಿತು. "ಅರ್ಧ ತಾಸು ಚಾ ಬಿಟ್ಟು ಕುಂದ್ರೋದಂದ್ರ ಎಲುಬು ಮುರದದ್ದ ಚಲೋ ಬಿಡು" ಅಂದಳು. ಈಗ ಪ್ರತಿ ಬುಧವಾರ ಗೋಡೆ ಗಡಿಯಾರ ನೋಡುತ್ತಾ ಕೂರುತ್ತಾಳೆ.

ಗುಳಿಗೆ ಸುಲಭದ ಕೆಲಸ. ನನ್ನ ಪ್ರಕಾರ ನಿಜವಾದ ಕೆಲಸ ಮನೆಯಲ್ಲಿತ್ತು. ಒಂದು ಭಾನುವಾರ ಅವ್ವನ ಹಿಂದೆಯೇ ಮನೆಯೆಲ್ಲ ಸುತ್ತಿದೆ. ಎಲ್ಲಿ ಕಾಲಿಡುತ್ತಾಳೆ, ಎಲ್ಲಿ ಕೈ ಊರುತ್ತಾಳೆ ಅಂತ ನೋಡುವುದಷ್ಟೇ. ಮಂಚದ ಪಕ್ಕದಲ್ಲೇ ಮಡಚಿದ ಕೌದಿ, ರಾತ್ರಿ ಎದ್ದರೆ ಕಾಲಿಗೆ ಸಿಗುವುದು ಖಂಡಿತ. ಪಡಸಾಲೆಯಿಂದ ಅಡುಗೆಮನೆಗೆ ಎತ್ತರದ ಹೊಸ್ತಿಲು, ಅಲ್ಲಿ ಲೈಟೇ ಇಲ್ಲ. ಹಿಟ್ಟಿನ ಡಬ್ಬಿ ಮೇಲಿನ ಹಲಗೆಯಲ್ಲಿ, ಅದಕ್ಕೊಂದು ಅಲ್ಲಾಡುವ ಸ್ಟೂಲು. ಕೌದಿ ಪೆಟ್ಟಿಗೆ ಸೇರಿತು, ಡಬ್ಬಿ ಕೆಳಗಿಳಿಯಿತು. ಸ್ಟೂಲನ್ನು ಅವ್ವ ಕೊಡಲಿಲ್ಲ, ನಾನೇ ಎತ್ತಿಕೊಂಡು ಬಂದೆ.

ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸೋಕೆ ಗೌಂಡಿ ಬಂದ. ಡ್ರಿಲ್ ಇಟ್ಟ ಕೂಡಲೇ ಗೋಡೆಯಿಂದ ಮಣ್ಣು ಪುಸಪುಸ ಉದುರಿತು. ಕಲ್ಲು, ಮಣ್ಣಿನ ಹಳೇ ಗೋಡೆ, ಸ್ಕ್ರೂ ನಿಲ್ಲಲೇ ಇಲ್ಲ. "ಯವ್ವಾ, ಈ ಗ್ವಾಡಿ ನಿಮ್ಮನ್ನ ಹಿಡಿಯಂಗಿಲ್ಲ" ಅಂದ. ತೂತು ದೊಡ್ಡದು ಮಾಡಿ, ಕಾಂಕ್ರೀಟ್ ತುಂಬಿ, ಅದರೊಳಗೆ ಉದ್ದನೆಯ ಬೋಲ್ಟ್ ನಿಲ್ಲಿಸಿದ. ಗಟ್ಟಿಯಾಗುವವರೆಗೆ ಮುಟ್ಟಬೇಡಿ ಅಂತ ಹೇಳಿ ಹೋದ. ಸಂಜೆಗೆ ನೋಡಿದರೆ ಅದರ ಮೇಲೆ ಅವ್ವನ ಒದ್ದೆ ಸೀರೆ! ಹಿಡಿಕೆ ಅಂತ ಅಂಗಡಿಯಲ್ಲಿ ಸಿಗುವ ಟವೆಲ್ ರಾಡು ಹಾಕಿಸಬೇಡಿ, ಅದು ಮೈಭಾರ ತಡೆಯೋದಿಲ್ಲ. ನಮ್ಮದು ತಡೆಯುತ್ತದೆ, ಆದರೆ ಸೀರೆಯನ್ನೂ ತಡೆಯಬೇಕಾಯಿತು.

ಊಟದ ಮಾತು ಬಂದಾಗ ಬಂದವರೆಲ್ಲ ರಾಗಿ ಅಂದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೋಳದಲ್ಲಿ 30ರ ಒಳಗೆ. ಅವ್ವನ ವಯಸ್ಸಿಗೆ ದಿನಕ್ಕೆ 1,200 ಬೇಕು. ಆದರೆ ಜೋಳದ ರೊಟ್ಟಿ ಬಿಟ್ಟು ಮುದ್ದೆ ತಿನ್ನು ಅಂದರೆ ಅವ್ವ ಉಪವಾಸ ಕೂತಾಳು. ಹಾಗಾಗಿ ರೊಟ್ಟಿ ರೊಟ್ಟಿಯೇ ಆಯಿತು, ಪಕ್ಕದ್ದನ್ನು ಹೆಚ್ಚಿಸಿದೆವು. ಗಟ್ಟಿ ಮೊಸರು, ಗುರೆಳ್ಳು ಚಟ್ನಿ, ನುಗ್ಗೆಸೊಪ್ಪಿನ ಪಲ್ಯ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಕಡಿಮೆ ಬಿದ್ದದ್ದಕ್ಕೆ ಮಾತ್ರೆ. ರಕ್ತದಲ್ಲಿ ವಿಟಮಿನ್ ಡಿ ಕೂಡ ಕಡಿಮೆ ಇತ್ತು. ಇಷ್ಟು ಬಿಸಿಲಿನ ಊರಲ್ಲಿ ಹೇಗೆ ಅಂದರೆ, ಬಿಸಿಲಿಗೆ ಹೆದರಿ ನಾವೆಲ್ಲ ಒಳಗೇ ಇರುತ್ತೇವಲ್ಲ.

ತುಂಬಿದ ಕೊಡವನ್ನು ಬಗ್ಗಿ ಎತ್ತೋದು ಬಂದ್. ಬೆನ್ನುಮೂಳೆಗೆ ಅದೇ ದೊಡ್ಡ ಶತ್ರು. ಹಾಗಂತ ಕೂತೇ ಇರಬಾರದು, ನಡೆದಷ್ಟೂ ಎಲುಬಿಗೆ ಒಳ್ಳೆಯದು. ಅದಕ್ಕೆ ಹಿಂದೆ ಪಟ್ಟಿ ಇರುವ, ತಳ ಜಾರದ ಚಪ್ಪಲಿ ತಂದುಕೊಟ್ಟೆ. ನನ್ನದೂ ಮುಟ್ಟು ನಿಂತಿದೆ, ಎಲುಬು ಬೇಗ ಸವೆಯುವ ಕಾಲ ಇದೇ ಅಂತ ಡಾಕ್ಟರು ನನಗೂ ಹೇಳಿದ್ದರು. ಸಂಜೆ ಇಬ್ಬರೂ ಹೊರಟೆವು. ಅವ್ವ ಬಾಗಿಲಲ್ಲೇ ನಿಂತು ನನ್ನ ಪಾದ ನೋಡಿದಳು. "ನಿನ್ನ ಚಪ್ಪಲಿಗೆ ಹಿಂದ ಪಟ್ಟಿ ಎಲ್ಲೈತಿ? ಮೊದ್ಲ ಅಂಗಡಿಗೆ ನಡಿ."