ಅವಕಾಶ ಸಿಕ್ಕರೆ ಮಾಡಿ ತೋರಿಸ್ತೀನಿ, ಆದರೆ ಯಾರು ಕೊಡ್ತಾರೆ?

ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರು ಬೇರೆ ಬೇರೆ. ಓದು ಮುಗಿಸಿ ಕೆಲಸ ಹುಡುಕುತ್ತಿರುವವರು, ವರ್ಷಗಟ್ಟಲೆ ಒಂದೇ ಹುದ್ದೆಯಲ್ಲಿ ಕೂತವರು, ಬರೆಯಬೇಕು, ಹಾಡಬೇಕು ಅಂತ ಆಸೆ ಇಟ್ಟುಕೊಂಡವರು. ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: "ಒಂದು ಅವಕಾಶ ಸಿಕ್ಕರೆ ಸಾಕು, ಮಾಡಿ ತೋರಿಸ್ತೀನಿ. ಯಾರೂ ಕೊಡ್ತಿಲ್ಲ. ಕಾಯೋದು ಬಿಟ್ಟು ಇನ್ನೇನು ಮಾಡಲಿ?"

ಮೊದಲು ಮಾಡಿ ತೋರಿಸಿ, ಅವಕಾಶ ಆಮೇಲೆ ಬರಲಿ. ಇದೇ ನನ್ನ ಉತ್ತರ. ಇಷ್ಟೇ ಹೇಳಿ ನಿಲ್ಲಿಸಿದರೆ ಉಪದೇಶವಾಗುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಅವಕಾಶ ಕೊಡುವವರ ಜಾಗದಲ್ಲಿ ನಿಂತು ನೋಡಿ. ನಿಮ್ಮೊಳಗೆ ಏನಿದೆ ಅಂತ ಅವರಿಗೆ ಕಾಣುವುದಿಲ್ಲ. ಕಾಣುವುದು ಒಂದು ಹೆಸರು, ಒಂದು ಅರ್ಜಿ. ಗೊತ್ತಿಲ್ಲದವರಿಗೆ ಕೆಲಸ ಒಪ್ಪಿಸಿ ಅದು ಕೆಟ್ಟರೆ, ಮಾತು ಕೇಳಬೇಕಾದವರು ಅವರೇ. ಹಾಗಾಗಿ ಈಗಾಗಲೇ ಕಣ್ಣಿಗೆ ಬಿದ್ದವರನ್ನೇ ಕರೆಯುತ್ತಾರೆ. ಬಹಳಷ್ಟು ಸಲ ಇದರ ಹಿಂದೆ ಇರುವುದು ಭಯ. ಆ ಭಯ ಕಡಿಮೆ ಮಾಡುವಂಥದ್ದು ಏನಾದರೂ ನಿಮ್ಮ ಕೈಯಲ್ಲಿ ಇರಬೇಕು.

ಮೈಕೆಲ್ ಫ್ಯಾರಡೆಯ ಕಥೆ ನನಗೆ ತುಂಬಾ ಇಷ್ಟ. ವಿದ್ಯುತ್ತಿನ ವಿಜ್ಞಾನದಲ್ಲಿ ದೊಡ್ಡ ಹೆಸರು. ಆದರೆ ಹುಡುಗನಾಗಿದ್ದಾಗ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕ ಬೈಂಡಿಂಗ್ ಕಲಿಯುತ್ತಿದ್ದವನು. ಹೆಚ್ಚು ಶಾಲೆ ಕಂಡಿರಲಿಲ್ಲ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಸಂಜೆ ವಿಜ್ಞಾನದ ಉಪನ್ಯಾಸಗಳಿಗೆ ಹೋಗಿ ಟಿಪ್ಪಣಿ ಬರೆದಿಡುತ್ತಿದ್ದ. 1812ರಲ್ಲಿ ಅಂಗಡಿಯ ಗ್ರಾಹಕರೊಬ್ಬರು ಅವನಿಗೆ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆಗಿನ ಕಾಲದ ಹೆಸರುವಾಸಿ ರಸಾಯನ ವಿಜ್ಞಾನಿ. ಫ್ಯಾರಡೆ ಸುಮ್ನೆ ಕೇಳಿ ಎದ್ದು ಬರಲಿಲ್ಲ. ಎಲ್ಲವನ್ನೂ ಬರೆದುಕೊಂಡ, ಚಿತ್ರ ಬಿಡಿಸಿದ, ತನಗೆ ಗೊತ್ತಿದ್ದ ವಿದ್ಯೆಯಿಂದಲೇ ಬೈಂಡ್ ಮಾಡಿ, ಕೆಲಸ ಕೇಳಿ ಡೇವಿಗೇ ಕಳಿಸಿದ.

ಡೇವಿ ಕರೆದು ಮಾತಾಡಿಸಿದರು. ಆದರೆ ಕೆಲಸ ಖಾಲಿ ಇರಲಿಲ್ಲ. ಬೇರೆಯವರಾಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಿದ್ದರೇನೋ. ಕೆಲವೇ ತಿಂಗಳಲ್ಲಿ ಅಲ್ಲಿನ ಒಬ್ಬ ಸಹಾಯಕನನ್ನು ಕೆಲಸದಿಂದ ತೆಗೆದರು. ಡೇವಿಗೆ ಈ ಹುಡುಗನ ನೆನಪಾಯಿತು. 1813ರ ಮಾರ್ಚಿನಲ್ಲಿ ಫ್ಯಾರಡೆ ಅಲ್ಲಿ ಸಹಾಯಕನಾಗಿ ಸೇರಿದ.

ಇದರಲ್ಲಿ ಅದೃಷ್ಟ ಇಲ್ವಾ ಅಂತ ಕೇಳಬಹುದು. ಖಂಡಿತ ಇದೆ. ಟಿಕೆಟ್ ಸಿಕ್ಕಿದ್ದು ಅದೃಷ್ಟ, ಇನ್ನೊಬ್ಬನ ಕೆಲಸ ಹೋಗಿದ್ದೂ ಅದೃಷ್ಟ. ಅದನ್ನು ಮುಚ್ಚಿಟ್ಟು ಎಲ್ಲವೂ ಪ್ರಯತ್ನದಿಂದಲೇ ಆಗುತ್ತದೆ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಆದರೆ ಜಾಗ ಖಾಲಿಯಾದ ದಿನ ಡೇವಿಗೆ ನೆನಪಾಗಲು ಒಂದು ಹೆಸರು ಬೇಕಿತ್ತಲ್ಲ? ಆ ಹೆಸರು ನೆನಪಿನಲ್ಲಿ ಉಳಿಯುವ ಹಾಗೆ ಮಾಡಿದ್ದು ಫ್ಯಾರಡೆಯೇ.

ಎರಡನೆಯ ಮಾತು ಕೇಳುವುದರ ಬಗ್ಗೆ. ತುಂಬಾ ಜನ ಕೆಲಸ ಚೆನ್ನಾಗಿ ಮಾಡುತ್ತಾರೆ, ಬಾಯಿ ಬಿಟ್ಟು ಕೇಳುವುದೇ ಇಲ್ಲ. ಬೇಡ ಅಂದುಬಿಟ್ಟರೆ ಅನ್ನುವ ಅಂಜಿಕೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬೋನ್ಸ್ ಎಂಬ ಸಂಶೋಧಕರು 2008ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಗುರುತಿಲ್ಲದವರ ಹತ್ತಿರ ಹೋಗಿ ಪ್ರಶ್ನಾವಳಿ ತುಂಬಿಕೊಡಿ, ಫೋನ್ ಸ್ವಲ್ಪ ಕೊಡಿ ಅಂತ ಕೆಲವರಿಂದ ಕೇಳಿಸಿದರು. ಕೇಳಲು ಹೊರಟವರು ಎಷ್ಟು ಜನರನ್ನು ಕೇಳಬೇಕಾದೀತು ಅಂತ ಮೊದಲೇ ಅಂದಾಜು ಹೇಳಿದ್ದರು. ನಿಜವಾಗಿ ಅದರ ಅರ್ಧದಷ್ಟು ಜನರನ್ನು ಕೇಳುವಷ್ಟರಲ್ಲಿ ಕೆಲಸ ಆಗಿತ್ತು. ಎದುರಿಗೆ ನಿಂತವರಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅನ್ನುವುದು ಕೇಳುವವರ ಲೆಕ್ಕಕ್ಕೆ ಬರುವುದೇ ಇಲ್ಲ. ಬೋನ್ಸ್ ಮತ್ತೊಬ್ಬರ ಜೊತೆ ಸೇರಿ ಮಾಡಿದ 2017ರ ಇನ್ನೊಂದು ಅಧ್ಯಯನದಲ್ಲಿ, ಇಮೇಲಿಗಿಂತ ಮುಖಾಮುಖಿ ಕೇಳಿದಾಗ ಒಪ್ಪಿದವರು ತುಂಬಾ ಜಾಸ್ತಿ. ಇವು ಚಿಕ್ಕಪುಟ್ಟ ಸಹಾಯಗಳು, ನಿಜ. ಯಾರೂ ಹೀಗೆ ಕೇಳಿದ ತಕ್ಷಣ ಕೆಲಸ ಕೊಡುವುದಿಲ್ಲ. ಅದಕ್ಕೇ ಚಿಕ್ಕದನ್ನೇ ಕೇಳಿ ಅನ್ನುತ್ತೇನೆ. "ನನಗೆ ಅವಕಾಶ ಕೊಡಿ" ಅನ್ನುವುದು ದೊಡ್ಡ ಭಾರ. "ಇದನ್ನು ಮಾಡಿದ್ದೇನೆ, ಹತ್ತು ನಿಮಿಷ ನೋಡಿ ಎಲ್ಲಿ ಸರಿಯಿಲ್ಲ ಹೇಳ್ತೀರಾ?" ಅನ್ನುವುದು ಹಗುರ.

ಚಿಂಪಾಂಜಿಗಳ ಅಧ್ಯಯನದಿಂದ ಹೆಸರಾದ ಜೇನ್ ಗುಡಾಲ್ ಮಾಡಿದ್ದೂ ಹೀಗೇ. ಚಿಕ್ಕಂದಿನಿಂದ ಆಫ್ರಿಕಾದ ಪ್ರಾಣಿಗಳ ಹುಚ್ಚು. ಕಾಲೇಜಿನ ಪದವಿ ಇರಲಿಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ ಹಡಗಿನ ಖರ್ಚಿಗೆ ದುಡ್ಡು ಕೂಡಿಸಿ 1957ರಲ್ಲಿ ಕೀನ್ಯಾಗೆ ಹೋದರು. ಅಲ್ಲಿ ಲೂಯಿಸ್ ಲೀಕಿ ಎಂಬ ವಿಜ್ಞಾನಿಗೆ ತಾವೇ ಫೋನ್ ಮಾಡಿದರು, ಪ್ರಾಣಿಗಳ ಬಗ್ಗೆ ಮಾತಾಡಬೇಕು ಅಂತ. ಲೀಕಿ ಅವರನ್ನು ಮೊದಲು ಕಾರ್ಯದರ್ಶಿಯಾಗಿ ಸೇರಿಸಿಕೊಂಡರು. 1960ರಲ್ಲಿ ಚಿಂಪಾಂಜಿಗಳ ಅಧ್ಯಯನಕ್ಕೆ ಕಾಡಿಗೆ ಕಳಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ಸಮಯ, ದುಡ್ಡು, ಧೈರ್ಯ ಒಂದೇ ಅಳತೆಯಲ್ಲಿ ಸಿಕ್ಕಿರುವುದಿಲ್ಲ. ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುತ್ತಿರುವವರಿಗೆ, ತಿಂಗಳ ಸಂಬಳ ತಪ್ಪಿದರೆ ಸಂಸಾರ ನಡೆಯದವರಿಗೆ, ಎಲ್ಲ ಬಿಟ್ಟು ಹೊರಡಿ ಅನ್ನುವುದು ತಪ್ಪು. ನಾನು ಹಾಗೆ ಹೇಳುತ್ತಲೂ ಇಲ್ಲ. ಫ್ಯಾರಡೆ ಬೈಂಡಿಂಗ್ ಬಿಡಲಿಲ್ಲ, ಹೊಸ ಕೆಲಸ ಸಿಗುವ ತನಕ ಅದನ್ನೇ ಮಾಡಿಕೊಂಡಿದ್ದ. ವಾರಕ್ಕೆ ಮೂರು ಗಂಟೆ ಸಿಕ್ಕರೆ ಮೂರು ಗಂಟೆಗೆ ತಕ್ಕ ಕೆಲಸ ಆರಿಸಿಕೊಳ್ಳಿ. ಇಡೀ ಪುಸ್ತಕ ಬರೆಯುವ ಬದಲು ಒಂದು ಲೇಖನ. ಇಡೀ ಆ್ಯಪ್ ಬದಲು ಒಂದೇ ಕೆಲಸ ಸರಿಯಾಗಿ ಮಾಡುವ ಒಂದು ಪುಟ. ಆಫೀಸಿನಲ್ಲಿ ಎಲ್ಲರೂ ಗೊಣಗುವ, ಯಾರೂ ಸರಿ ಮಾಡದ ಒಂದು ತೊಂದರೆ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಎತ್ತಿಕೊಳ್ಳಿ. ಚಿಕ್ಕದಾಗಿರಲಿ, ಆದರೆ ಮುಗಿದಿರಲಿ. ಅರ್ಧಕ್ಕೆ ನಿಂತ ದೊಡ್ಡ ಕನಸನ್ನು ಯಾರಿಗೂ ತೋರಿಸಲು ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ: "ಕಳಿಸಿದೆ, ಉತ್ತರವೇ ಬರಲಿಲ್ಲ. ಈಗ?" ಶ್ರೀನಿವಾಸ ರಾಮಾನುಜನ್ 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಜಿ. ಎಚ್. ಹಾರ್ಡಿಗೆ ತಮ್ಮ ಗಣಿತವನ್ನು ಬರೆದು ಕಳಿಸಿದ್ದು, ಹಾರ್ಡಿ ಅದರ ಬೆಲೆ ಗುರುತಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅಲ್ಲಿನ ಇನ್ನಿಬ್ಬರು ಗಣಿತಜ್ಞರಿಗೆ ಬರೆದು ಏನೂ ಪ್ರಯೋಜನವಾಗಿರಲಿಲ್ಲ ಅನ್ನುವುದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ಗಣಿತ ಅವರದೇ, ಓದಿದ ಕಣ್ಣು ಬೇರೆ. ಹಾಗಾಗಿ ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ಚಿಕ್ಕದಾಗಿ ನೆನಪಿಸಿ. ಆಗಲೂ ಬರದಿದ್ದರೆ ಬೇಸರ ಮಾಡಿಕೊಳ್ಳದೆ ಬೇರೆಯವರಿಗೆ ಕಳಿಸಿ. ಮೂರ್ನಾಲ್ಕು ಜನ ಒಂದೇ ತಪ್ಪು ತೋರಿಸಿದರೆ ಅದನ್ನು ತಿದ್ದಿ. ಈ ನಡುವೆ ಮುಂದಿನ ಕೆಲಸ ಶುರು ಮಾಡಿರಿ.